ಮೂವತ್ತೊಂದನೆಯ ದಿನದ ಬೆಳಿಗ್ಗೆ

ನನ್ನ ಗಂಡ ತದಡಿಯ ಮೀನುಗಾರಿಕೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಓದದೆ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಆ ಒಂದು ಸಲ ಮಾತ್ರ ಮೊದಲು ಸಹಿ ಹಾಕಿ ಆಮೇಲೆ ಓದಿದರು.

ನಿವೃತ್ತಿಯ ವರ್ಷವೇ ಸರಕಾರಿ ಕಂಪನಿಯ ಆರೋಗ್ಯ ವಿಮೆ ಮಾಡಿಸಿದ್ದೆವು. ಪೆನ್ಶನ್ನಿನಲ್ಲಿ ಊಟ ಬಟ್ಟೆ ನಡೆಯುತ್ತಿತ್ತು, ಆಸ್ಪತ್ರೆ ನಡೆಯುವಂತಿರಲಿಲ್ಲ. ನಾಲ್ಕು ವರ್ಷ ತಪ್ಪದೆ ಕಟ್ಟಿದೆವು. ಆದರೆ ಅವರ ಕಣ್ಣಿನ ಆಪರೇಶನ್ನಿನ ಬಿಲ್ಲು ಏಳು ತಿಂಗಳು ಅಲೆದಾಡಿ, ಅರ್ಧ ಕತ್ತರಿಸಿಕೊಂಡು ಬಂದಾಗ ಅವರ ಮನಸ್ಸು ಮುರಿಯಿತು. ಖಾಸಗಿ ವಿಮಾ ಕಂಪನಿಗಳು ಆಗಷ್ಟೇ ನಮ್ಮ ಕಡೆ ಕಾಲಿಡುತ್ತಿದ್ದವು. ಕುಮಟೆಯ ಏಜೆಂಟನೊಬ್ಬ ಹೊನ್ನಾವರದ ನಮ್ಮ ಮನೆಗೆ ಬರತೊಡಗಿದ. ಅವನ ಕಂಪನಿಯ ಕಾರ್ಡು ತೋರಿಸಿದರೆ ದೊಡ್ಡಾಸ್ಪತ್ರೆಯಲ್ಲಿ ದುಡ್ಡೇ ಕೇಳುವುದಿಲ್ಲವಂತೆ.

ಹಳೆಯ ವಿಮೆ ಮುಗಿಯುವ ದಿನ ಪಿತೃಪಕ್ಷದ ನಡುವೆ ಬಿದ್ದಿತ್ತು.

"ಪಕ್ಷದಲ್ಲಿ ಹೊಸದೆಂತದೂ ಶುರು ಮಾಡೂದು ಬ್ಯಾಡ," ಅಂದರು ಇವರು. "ನವರಾತ್ರಿ ಮೊದಲ್ನೇ ದಿನ ಸಹಿ ಹಾಕುವ."

"ನಡೂಗೆ ಹತ್ತು ದಿನ ಎಂತದೂ ಇಲ್ದೇ ಇರೂದಾ?" ಎಂದೆ.

ಏಜೆಂಟ ನಕ್ಕ. "ಹತ್ತು ದಿನಕ್ಕೆ ಯಮ ಎಂತ ಕುಮಟಾ ಬಸ್ ಹಿಡ್ದು ಬರ್ತಾನಾ ಅಕ್ಕ? ಪಕ್ಷದಲ್ಲಿ ಅವಂಗೂ ಮನೆಮನೆ ಊಟ, ಪುರ್ಸೊತ್ತಿಲ್ಲ."

ನಾವೂ ನಕ್ಕೆವು. ನಾನು ವಿಜ್ಞಾನದ ಪದವಿ ಓದಿದವಳು. ಹಳೆಯದನ್ನೇ ಮುಂದುವರಿಸುವುದು ಹೊಸದಲ್ಲ ಎಂಬ ಒಂದು ಮಾತು ನನ್ನ ಬಾಯಿಗೆ ಬರಬೇಕಿತ್ತು. ಬರಲಿಲ್ಲ. ಪಕ್ಷದ ಹದಿನೈದು ದಿನ ಹೊಸ ಪೊರಕೆಯನ್ನೂ ತರದ ಮನೆ ನಮ್ಮದು.

ಯಮ ಬರಲಿಲ್ಲ. ನವರಾತ್ರಿಯ ಪಾಡ್ಯದ ದಿನ ದೇವರ ಮುಂದೆ ಕುಂಕುಮ ಹಚ್ಚಿ ಸಹಿ ಹಾಕಿದರು. ಕಾರ್ಡಿನ ಜೊತೆ ಬಂದ ಪುಸ್ತಿಕೆಯನ್ನು ಓದಿದ್ದು ಆಮೇಲೆ. ಮೊದಲ ಮೂವತ್ತು ದಿನಗಳಲ್ಲಿ ಶುರುವಾದ ಯಾವ ಕಾಯಿಲೆಗೂ ಹಣ ಸಿಗದು ಎಂದಿತ್ತು. ಆ ಸಾಲನ್ನು ನನಗೆ ಎರಡು ಸಲ ಓದಿ ಹೇಳಿ, ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಸಹಿ ಹಾಕಿದ ದಿನದ ಕೆಳಗೆ ಒಂದು ಗೆರೆ ಹಾಕಿದರು.

ಗ್ಯಾಸ್ ಬಂದ ದಿನ, ಹಾಲು ಬಾರದ ದಿನ ಎಲ್ಲವನ್ನೂ ಅಲ್ಲಿ ಗುರುತಿಸುವುದು ಅವರ ಕಚೇರಿಯ ಅಭ್ಯಾಸ. ಅದಕ್ಕೆಂದೇ ದಾರ ಕಟ್ಟಿದ ಪೆನ್ಸಿಲೊಂದು ಮೊಳೆಗೆ ತೂಗುತ್ತಿತ್ತು. ದಿನಕ್ಕೊಂದು ಗೆರೆ ಬೀಳುತ್ತಿತ್ತು. ನಾನು ನೋಡುತ್ತಿರಲಿಲ್ಲ. ದಸರೆ ಕಳೆದ ಮೇಲೆ ಅವರು ಬಂದರಿನ ಕಡೆಯ ವಾಕಿಂಗ್ ಬಿಟ್ಟರು. ಬಿಸಿಲು ಎಂದರು. ಮಧ್ಯಾಹ್ನ ಮಲಗುವ ಬದಲು ಕುರ್ಚಿಯಲ್ಲಿ ಒರಗತೊಡಗಿದರು. ಸೆಕೆ ಎಂದರು. ಎರಡನ್ನೂ ನಂಬಿದೆ.

ದೀಪಾವಳಿಯ ನೀರು ತುಂಬುವ ದಿನ ಅವರು ಬಾವಿಯಲ್ಲಿ ನೀರು ಸೇದುತ್ತಿದ್ದಾಗ ಹಗ್ಗ ಕೈಯಿಂದ ಜಾರಿತು. ಕೊಡ ಕೆಳಗೆ ಬಿದ್ದ ಸದ್ದಿಗೆ ನಾನು ಹೊರಗೆ ಓಡಿದೆ. ಅವರು ಕಟ್ಟೆ ಹಿಡಿದು ಕೂತಿದ್ದರು. ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

"ಎಂತ ಆತು?"

"ಎಂತದೂ ಇಲ್ಲ. ಗ್ಯಾಸು."

"ಡಾಕ್ಟರ ಹತ್ರ ಹೋಗುವ."

"ಹಬ್ಬ ಮುಗೀಲಿ. ನೀ ಒಂದು ಕೊಡದ ಜೊತಿಗೆ ನಂಗೂ ಸೂತಕ ಮಾಡ್ಬೇಡ."

ಹಬ್ಬದ ಪಾಡ್ಯದ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಅವರು ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ನಿಂತರು. ಜೇಬಿನಲ್ಲಿ ವಿಮೆಯ ಕಾರ್ಡು ಕಾಣುತ್ತಿತ್ತು.

"ಎದೆ ನೋಯ್ತದೆ. ಈಗ ಹೋಗುವ," ಎಂದರು. ದನಿಯಲ್ಲಿ ಸಂತೋಷದಂಥ ಏನೋ ಇತ್ತು.

ಚೀಲ ತೆಗೆಯಲು ಹೋದಾಗ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಮೂವತ್ತು ಗೆರೆ ತುಂಬಿತ್ತು. ಕೊನೆಯ ಒಂಬತ್ತು ದಿನಗಳ ಗೆರೆಯ ಮೇಲೆ ಇನ್ನೊಂದು ಅಡ್ಡಗೆರೆ. ಬಾವಿಯ ದಿನ ಪೆನ್ಸಿಲು ಒತ್ತಿ ಕಾಗದ ಹರಿದಿತ್ತು. ಅವರು ನೋವಿನ ದಿನಗಳನ್ನೂ ಗುರುತಿಸಿಕೊಂಡು ಕಾಯುತ್ತಿದ್ದರು.

ಹೊನ್ನಾವರದ ಆಸ್ಪತ್ರೆಯಲ್ಲಿ ಡಾಕ್ಟರು ಇಸಿಜಿ ಪಟ್ಟಿಯನ್ನು ಬೆಳಕಿಗೆ ಹಿಡಿದು ಕೇಳಿದರು, "ನೋವು ಶುರುವಾದ್ದು ಯಾವಾಗ?"

"ಇವತ್ತು ಬೆಳಿಗ್ಗೆ. ಆರು ಗಂಟೆಗೆ."

"ಸರಿಯಾಗಿ ಹೇಳಿ. ಇವತ್ತಿಂದಾದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡ್ತೇನೆ. ಹಳೇದಾದ್ರೆ ಅದರಿಂದ್ಲೇ ಜೀವಕ್ಕೆ ಅಪಾಯ."

"ಇವತ್ತೇ," ಎಂದು ನನ್ನ ಕಡೆ ನೋಡಿದರು. ಬೇಡಿಕೊಳ್ಳುವ ನೋಟವಲ್ಲ. ಸಾಹೇಬರ ಮುಂದೆ ಜೊತೆಯ ಗುಮಾಸ್ತನನ್ನು ನೋಡುವ ನೋಟ.

ನರ್ಸ್ ಔಷಧಿಯನ್ನು ಸಿರಿಂಜಿಗೆ ಎಳೆದಳು. ಹತ್ತಿ ಹರಿದು ತೋಳು ಒರೆಸಿದಳು. ನಾನು ಸುಮ್ಮನಿದ್ದೆ. ಮೂವತ್ತೊಂದನೆಯ ದಿನ, ಕಾರ್ಡು, ದೊಡ್ಡಾಸ್ಪತ್ರೆ, ನಾವು ಬಿಟ್ಟುಬಂದ ನಾಲ್ಕು ವರ್ಷದ ಹಳೆಯ ವಿಮೆ, ಎಲ್ಲ ತಲೆಯಲ್ಲಿ ಓಡಿದವು. ಹತ್ತಿ ತೋಳಿನ ಮೇಲೆ ಹೋಗಿ ಬರುವಷ್ಟು ಹೊತ್ತು ನಾನೂ ಲೆಕ್ಕ ಹಾಕುತ್ತಿದ್ದೆ.

"ಇವತ್ತಲ್ಲ ಡಾಕ್ಟ್ರೆ," ಎಂದೆ. "ಒಂಬತ್ತು ದಿನ ಆತು."

ಡಾಕ್ಟರು ಕೈ ಎತ್ತಿದರು. ಸೂಜಿ ಹಿಂದೆ ಸರಿಯಿತು. ಇವರು ಕಣ್ಣು ಮುಚ್ಚಿಕೊಂಡರು.

ಆಂಬುಲೆನ್ಸು ಮಂಗಳೂರಿಗೆ ಹೊರಟಿತು. ಹೆದ್ದಾರಿಯ ತುಂಬ ಹೂವಿನ ಮಾಲೆ ಹಾಕಿದ ದನಗಳು, ದಾರಿ ಬಿಡವು. ಭಟ್ಕಳ ದಾಟಿದ ಮೇಲೆ ಅವರು ಒಂದೇ ಮಾತಾಡಿದರು. "ಒಂದು ಗಳಿಗೆ ಸುಮ್ನಿದ್ದಿದ್ರೆ ಆಗ್ತಿತ್ತು."

ಆ ಒಂದು ಗಳಿಗೆ ಸುಮ್ಮನಿದ್ದೆ ಎಂದು ನಾನು ಹೇಳಲಿಲ್ಲ.

ಅವರು ಉಳಿದರು. ಡಾಕ್ಟರ ಚೀಟಿಯಲ್ಲಿದ್ದ ಒಂಬತ್ತು ದಿನವನ್ನೇ ಕಾರಣ ಮಾಡಿ ಕಂಪನಿ ಹಣ ನಿರಾಕರಿಸಿತು. ನನ್ನ ಬಳೆಗಳು ಹೋದವು. ಬಿಟ್ಟ ಹಳೆಯ ವಿಮೆ ಮತ್ತೆ ಸಿಗಲಿಲ್ಲ. ಅವರ ಹೃದಯವನ್ನು ಈಗ ಯಾರೂ ವಿಮೆಗೆ ಸೇರಿಸುವುದಿಲ್ಲ. ಮನೆಗೆ ಬಂದ ದಿನವೇ ನಾನು ಮೊಳೆಯಿಂದ ಪೆನ್ಸಿಲು ಬಿಚ್ಚಿ ಎಸೆದೆ.

ಮೊನ್ನೆ ಹೊಸ ವರ್ಷದ ಕ್ಯಾಲೆಂಡರು ಒರೆಸುವಾಗ ಒಂದು ತಾರೀಖಿನ ಕೆಳಗೆ ಬೆರಳಿಗೆ ಏನೋ ತಾಗಿತು. ಉಗುರಿನಿಂದ ಗೀರಿದ ಗೆರೆ.

"ಇದೆಂತದು?" ಎಂದು ಕೇಳಿದೆ.

"ಎಂತದೂ ಇಲ್ಲ," ಎಂದರು.

ನಾನು ಬಟ್ಟೆಯನ್ನು ಕೆಳಗಿಟ್ಟು, ಆ ತಿಂಗಳ ಒಂದೊಂದೇ ತಾರೀಖಿನ ಕೆಳಗೆ ಬೆರಳಾಡಿಸತೊಡಗಿದೆ.