ಐವತ್ತಾರಕ್ಕೆ ಈಜು

ನನ್ನ ಎಡ ಸ್ತನವನ್ನು ತೆಗೆದ ಮೂರನೆಯ ತಿಂಗಳು ನನ್ನನ್ನು ನೋಡಲು ಮೂಡಲಗಿಯಿಂದ ನೆಗೆಣ್ಣಿ ಹುಕ್ಕೇರಿಗೆ ಬಂದಳು. ಜೊತೆಗೆ ಹೋಳಿಗೆ, ಒಂದು ಹಸಿರು ಸೀರೆ. ಇನ್ನು ಹೆಚ್ಚು ದಿನ ಇಲ್ಲ ಎನ್ನುವವರಿಗೆ ಹೀಗೆ ಉಣಿಸಿ, ಉಡಿಸಿ ಹೋಗುವುದು ನಮ್ಮ ಮನೆತನದ ರೂಢಿ. ಹಾಸಿಗೆಯ ಬದಿಗೆ ಕೂತು ನನ್ನ ಕೈ ಹಿಡಿದಳು.

"ಏನ ತಿನ್ನಾಕ ಮನಸ್ಸೈತಿ ಹೇಳವಾ. ಮಾಡಿ ಕಳಸ್ತೇನಿ."

"ತಿನ್ನಾಕ ಏನೂ ಬ್ಯಾಡ," ಎಂದೆ. "ನಂಗ ಈಸಾಕ ಕಲೀಬೇಕಾಗೇತಿ."

ಅವಳು ಹೌಹಾರಿ ನನ್ನ ಗಂಡನ ಮುಖ ನೋಡಿದಳು. ಜ್ವರ ತಲೆಗೇರಿದೆ ಅಂದುಕೊಂಡಿರಬೇಕು.

ಖರೆ ಹೇಳಬೇಕೆಂದರೆ ಆ ಮಾತು ಅಂದು ಸಿಟ್ಟಿನಲ್ಲಿ ಬಂದದ್ದು. ಸ್ವಲ್ಪ ಹೊತ್ತಿಗೆ ಮುಂಚೆ ನನ್ನ ಗಂಡ ಅಂಗಳದಲ್ಲಿ ನಮ್ಮ ಶಾಲೆಯ ಹೆಡ್ ಮಾಸ್ತರರಿಗೆ, "ಇನ್ನ ಆಕಿ ಸಾಲಿಗೆ ಬರೂದಿಲ್ರಿ," ಎನ್ನುತ್ತಿದ್ದುದು ನನಗೆ ಕೇಳಿಸಿತ್ತು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ನಾನು. ಒಳಗಿನಿಂದಲೇ ಕೂಗಿದ್ದೆ: "ಸೋಮವಾರ ಬರ್ತೇನ್ರೀ ಸರ!" ಹೇಳಿದಂತೆ ಹೋದೆ ಕೂಡ.

ಆದರೆ ಈಜಿನ ಆಸೆ ಹಳೆಯದು. ನನ್ನ ತವರು ಕೌಜಲಗಿ. ನಾವು ಕುರಿ ಸಾಕುವವರು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ನೀರಿಗಿಳಿಸಿ ತೊಳೆಯಬೇಕು. ಆ ಕೆಲಸಕ್ಕೆ ಹೋಗಿ ಹೋಗಿ ನನ್ನ ಅಕ್ಕ ತಾನಾಗಿಯೇ ಈಜು ಕಲಿತಳು. ನಾನು ಶಾಲೆಗೆ ಹೋಗುವ ಹುಡುಗಿಯಾದ್ದರಿಂದ ದಂಡೆಯ ಮೇಲೆ ಎಲ್ಲರ ಬಟ್ಟೆ ಕಾಯುತ್ತ ಕೂರುತ್ತಿದ್ದೆ.

ಗೋಕಾಕದ ಡಾಕ್ಟರನ್ನು ಕೇಳಿದೆ. ಗಾಯ ಪೂರಾ ಮಾಗಿದ್ದನ್ನು ನೋಡಿ ಅವರು, "ಈಸ್ರಿ. ಆಪರೇಶನ್ ಆದ ಕಡೆ ಕೈ ಬಾವು ಇಳಿಯಾಕ ಒಳ್ಳೇದ. ಒಬ್ಬರ ಮಾತ್ರ ನೀರಿಗೆ ಇಳೀಬ್ಯಾಡ್ರಿ," ಎಂದರು. ನನಗೆ ಇನ್ನೆಷ್ಟು ವರ್ಷ ಎಂದು ಕೇಳಿದಾಗ ಮಾತ್ರ ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಮುಂದಿನ ಭಾನುವಾರವೇ ಕೌಜಲಗಿಯ ಬಸ್ಸು ಹತ್ತಿದೆ. ಅಕ್ಕನಿಗೆ ಆಗ ಅರವತ್ತಮೂರು. ತನ್ನ ಹೊಲದ ಬಾವಿಯಲ್ಲಿ ನನ್ನ ಬೆನ್ನಿಗೆ ಎರಡು ಖಾಲಿ ಎಣ್ಣೆ ಕ್ಯಾನು ಕಟ್ಟಿ ಇಳಿಸಿದಳು. ನನ್ನ ಚೂಡಿದಾರ ತೊಯ್ದು ಮೈಗೆ ಅಂಟಿಕೊಂಡಾಗ ಎದೆಯ ಎಡಗಡೆಯ ಖಾಲಿ ಜಾಗ ಅವಳಿಗೆ ಮೊದಲ ಸಲ ಕಾಣಿಸಿತು. ಈಗ ಅಳುತ್ತಾಳೆ ಅಂದುಕೊಂಡೆ.

"ಒಂದ ಬಾಜೂ ಹಗುರ ಆಗಿ ಬಲಕ್ಕ ವಾಲಾಕತ್ತಿ," ಎಂದಳು. "ಬಲಗೈ ಜೋರ ಬಡಿ!"

ಎಷ್ಟೋ ತಿಂಗಳ ನಂತರ ನಾನು ನಕ್ಕಿದ್ದು ಅಂದೇ. ನಗುತ್ತ ಬೇಕಾದಷ್ಟು ನೀರು ಕುಡಿದೆ.

ಹತ್ತನೆಯ ಭಾನುವಾರ ಕ್ಯಾನು ಬಿಚ್ಚಿಟ್ಟು ಬಾವಿಯ ಕಟ್ಟೆಯಿಂದ ಜಿಗಿದೆ. ಆ ಹೊತ್ತಿಗೆ ದಾರಿಯಲ್ಲಿ ಬೈಕಿನ ಮೇಲೆ ಹೊರಟಿದ್ದ ಒಬ್ಬ ಅದನ್ನು ಕಂಡ. ಹೆಂಗಸು ಬಾವಿಗೆ ಹಾರಿದಳೆಂದರೆ ನಮ್ಮಲ್ಲಿ ಒಂದೇ ಅರ್ಥ. ಅವನು ಕಿರುಚಿದ್ದಕ್ಕೆ ಸುತ್ತಲಿನ ಹೊಲಗಳಿಂದ ಹತ್ತಾರು ಜನ ಹಗ್ಗ ಹಿಡಿದು ಓಡಿಬಂದರು. ಬಗ್ಗಿ ನೋಡಿದರೆ ನಾನು ಅಂಗಾತ ತೇಲುತ್ತಿದ್ದೇನೆ.

"ಯವ್ವಾ, ಹಗ್ಗ ಹಿಡಿ!" ಹಿರಿಯರೊಬ್ಬರು ಕೂಗಿದರು. "ಸಂಸಾರದಾಗ ಏನಾರ ಇರ್ತೈತಿ, ಜೀವಾ ಕಳಕೋಬಾರ್ದು!"

"ಜೀವಾ ಕಳಕೊಳ್ಳಾಕ ಬಂದಿಲ್ರೀ ಅಪ್ಪಾ, ಈಸಾಕತ್ತೇನಿ!"

"ಈ ವಯಸ್ಸಿನ್ಯಾಗ?"

ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ ಅಕ್ಕ ತಲೆ ಎತ್ತಿದಳು. "ಮತ್ತ ಯಾವಾಗ ಈಸಬೇಕ್ರಿ? ಸತ್ತ ಮ್ಯಾಲ?"

ಹಗ್ಗ ಮೆಲ್ಲಗೆ ಮೇಲಕ್ಕೆ ಹೋಯಿತು.

ನಾನು ಹುಕ್ಕೇರಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. "ಮಂದಿ ಏನಂತಾರ?" ಎಂದು ಗಂಡ ಬಾಗಿಲಲ್ಲೇ ಕೇಳಿದರು.

"ಮಂದಿ ನನ್ನ ಹೊರಾಕ ತಯಾರಾಗಿ ಕುಂತಾರ. ಇನ್ನೊಂದಿಷ್ಟ ದಿನಾ ಕಾಯಲಿ."

ಅವರು ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆದರೆ ಮುಂದಿನ ಭಾನುವಾರ ಟವೆಲ್ಲು ಹಿಡಿದು ನನಗಿಂತ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು. ನಾನು ನೀರಿನಲ್ಲಿರುವಷ್ಟು ಹೊತ್ತೂ ಮೆಟ್ಟಿಲ ಮೇಲೆ ಕೂತು ಆ ಟವೆಲ್ಲನ್ನು ಹಿಂಡುತ್ತಿದ್ದರು. ಅದಿನ್ನೂ ಒಣಗಿಯೇ ಇತ್ತು.

ಈ ವರ್ಷ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಾಣಿಸಿದೆ. ಗೋಕಾಕದಲ್ಲಿ ಡಾಕ್ಟರು ಆ ಮಾತು ಹೇಳಿದ ದಿನ ನಾವಿಬ್ಬರೂ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತೆವು. ನನಗೆ ಧೈರ್ಯ ಇತ್ತು ಎಂದರೆ ಸುಳ್ಳಾಗುತ್ತದೆ. ಹುಕ್ಕೇರಿಯ ಬಸ್ಸು ಬಂತು. ಗಂಡ ಎದ್ದರು, ನಾನು ಏಳಲಿಲ್ಲ.

"ಇವತ್ತ ಗುರುವಾರ," ಎಂದರು, ನನ್ನ ಮನಸ್ಸು ತಿಳಿದವರಂತೆ.

"ಭಾನುವಾರದ ಮಟಾ ಯಾರು ಕಾಯ್ತಾರ?" ಎಂದೆ.

ಕೌಜಲಗಿಗೆ ಹೋದೆವು. ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು ನನಗಿಂತ ಮೊದಲೇ ನೀರಿಗಿಳಿದಳು. ನಾನು ಉಸಿರು ಬಿಗಿಹಿಡಿದು ಮುಳುಗಿದೆ. ಕಿವಿ ನೊಂದವು, ಎದೆ ಉರಿಯಿತು. ಆದರೂ ಮೇಲೆ ಬರಲಿಲ್ಲ, ಕೈಗೆ ತಣ್ಣಗೆ ಏನೋ ಸಿಗುವವರೆಗೆ.

ಮೇಲೆ ಬಂದು ಮುಷ್ಟಿ ಬಿಚ್ಚಿ ತೋರಿಸಿದೆ.

"ಕೆಸರು ತಂದು ಏನ ಮಾಡ್ತಿ?" ಎಂದಳು ಅಕ್ಕ.

"ತಳಾ ಮುಟ್ಟೇನಿ ಅಂದ್ರ ನೀ ನಂಬಬೇಕಲ್ಲ," ಎಂದು ಮತ್ತೆ ಮುಳುಗಿದೆ.