ಫ್ಲೆಕ್ಸ್ ಫೋಟೊದೊಳಗೆ ಸಿಕ್ಕಿಕೊಂಡ ನಮ್ಮ ಚರ್ಚು

ಮಕ್ತಲ್‌ನ ನಮ್ಮ ಚರ್ಚಿನ ವೆಬ್‌ಸೈಟಿಗೆ ಊರು, ದಾರಿ, ಆರಾಧನೆಯ ಹೊತ್ತು ಎಲ್ಲವನ್ನೂ ನಾನೇ ನಿಧಾನವಾಗಿ ಟೈಪ್ ಮಾಡಿದ್ದೆ. ಆದರೂ ಉಟ್ಕೂರಿನ ಒಂದು ಕುಟುಂಬ ಚರ್ಚಿನ ದಾರಿ, ಹೊತ್ತನ್ನು ಫೋನಿನಲ್ಲಿ ಹುಡುಕಿ ಏನೂ ಸಿಗದೆ, ಆರಾಧನೆ ಮುಗಿದ ಮೇಲೆ ಬಂದು ತಲುಪಿತು. ವೆಬ್‌ಸೈಟ್ ತೆರೆದು ನೋಡಿದೆ. ಪಾಸ್ಟರು ನನ್ನ ಬರಹ ತೆಗೆಸಿ, ಹಿರಿಯರ ಮುಖಗಳ ನಡುವೆ ದಾರಿ, ಹೊತ್ತು ಅಚ್ಚಾಗಿದ್ದ ಕ್ರಿಸ್‌ಮಸ್ ಫ್ಲೆಕ್ಸಿನ ಫೋಟೊ ಹಾಕಿಸಿದ್ದರು.

“ಅಯ್ಯಗಾರ್ರೀ, ಫೋಟೊದಾಗಿನ ಅಕ್ಷರ ಹುಡುಕಿದ್ರ ಸಿಗೂದಿಲ್ರೀ” ಎಂದು ಪಾಸ್ಟರಿಗೆ ಹೇಳಿದೆ.

“ಬರೇ ಅಕ್ಷರಕ್ಕ ಏನ್ ಕಳೆ ಐತಿ ತಮ್ಮಾ? ಹಿರಿಯರ ಮುಖ ಕಾಣಬೇಕಲ್ಲ!”

“ಮುಖ ಇರಲ್ರೀ. ಕೆಳಗ ಎರಡು ಸಾಲು ಬರೀತೀನಿ.”

“ಕೆಳಗ ಜಾಗ ಎಲ್ಲೈತಿ? ಯುವಕರ ಫೋಟೊ ಹಾಕೂದೈತಿ.”

ಹೊರಗೆ ಆಟೊ ಹತ್ತುತ್ತಿದ್ದ ಉಟ್ಕೂರಿನ ಆ ಕುಟುಂಬದ ತಾಯಿಗೆ ಮುಂದಿನ ವಾರದ ಆರಾಧನೆಯ ಹೊತ್ತನ್ನು ಮೆಸೇಜಿನಲ್ಲಿ ಬರೆದು ಕಳಿಸಿದೆ. ಒಬ್ಬೊಬ್ಬರಿಗೂ ಹೀಗೆ ಕಳಿಸುವುದಾದರೆ ವೆಬ್‌ಸೈಟ್ ಯಾಕೆ ಬೇಕಿತ್ತು?