ಉರಿಗುಳಿಗೆಯ ಕಿಸೆ

ನನ್ನ ಎಲೆ-ಅಡಿಕೆಯ ಸಂಚಿಗೆ ಒಳಗೊಳಗೇ ಕಿಸೆಗಳು. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ. ಎಲ್ಲಕ್ಕೂ ಒಳಗಿನದರಲ್ಲಿ, ಹೆಣ್ಣುಮಕ್ಕಳು ಮೂತ್ರ ಉರಿದಾಗ ನುಂಗುವ ಗುಳಿಗೆ. ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಆ ಉರಿಯನ್ನು ಗಂಡಸರ ಮುಂದೆ ಹೇಳುವ ರೂಢಿಯಿಲ್ಲ. ಉರಿ ನಿಂತವಳು ಉಳಿದ ಗುಳಿಗೆಯನ್ನು ಇನ್ನೊಬ್ಬಳಿಗೆ ಬೇಕಾದೀತೆಂದು ನನ್ನ ಸಂಚಿಗೆ ಹಾಕುವಳು. ಉರಿ ಹತ್ತಿದವಳು ಸೆರಗು ಬಾಯಿಗಿಟ್ಟುಕೊಂಡು ಬಂದು ಕೇಳುವಳು. ಎರಡನೇ ಇಯತ್ತೆಯನ್ನೂ ಮುಗಿಸದ ನಾನು ಆ ಒಂದು ಕಿಸೆಯಿಂದ ಓಣಿಗೆಲ್ಲ ದೊಡ್ಡವಳಾಗಿದ್ದೆ ನೋಡಿ.

ಅದಕ್ಕೇ ನನಗೆ ಹೊಟ್ಟೆಕಿಚ್ಚಾಯಿತು. ಬಸುರಿ ಸೊಸೆ ರೇಣುಕಾ ಉರಿಯ ಜೊತೆ ಚಳಿಜ್ವರವೂ ಬಂದಾಗ ನನ್ನ ಮುಂದೆ ಬಾಯಿ ಬಿಡದೆ ತಾಳಿಕೋಟೆಯ ತವರಿಗೆ ಫೋನ್ ಮಾಡಿದಳು. ಮೊದಲ ಬಸ್ಸಿಗೇ ಬಂದಿಳಿದ ಬೀಗತಿ ಶಾಂತವ್ವ, ಚಪ್ಪಲಿಯನ್ನೂ ಬಿಡದೆ, ಮಗಳನ್ನು ಆಸ್ಪತ್ರೆಗೆ ಹೊರಡಿಸಿದಳು.

"ನನ್ನ ಹಂತ್ಯಾಕ ಗುಳಿಗಿ ಇದ್ದುವಲ್ಲವಾ, ಕೇಳಬಾರದಾ?" ಎಂದೆ.

"ಹ್ವಾದ ಸಲ ಅವನ್ನ ನುಂಗಿದ್ದೆ, ಉರಿ ನಿಂತ ಕೂಡ್ಲೇ ಉಳದದ್ದು ನಿಮಗ ಕೊಟ್ಟಿದ್ದೆ. ಮೊನ್ನೆ ನೀವಿಲ್ಲದಾಗ ಸಂಚ್ಯಾಗಿಂದ ತಗದು ಮತ್ತ ನುಂಗೇನ್ರಿ ಅತ್ತಿ. ಈ ಸಲ ನಾಟವಲ್ದು," ಎಂದಳು ರೇಣುಕಾ.

ಆಸ್ಪತ್ರೆಯಲ್ಲಿ ಉಳಿಸಿಕೊಂಡು ಇಂಜೆಕ್ಷನ್ ಕೊಟ್ಟರು. ಮೂತ್ರದೊಳಗಿನ ರೋಗಾಣು ಯಾವ ಔಷಧಿಗೆ ಸಾಯುತ್ತದೆಂದು ಲ್ಯಾಬಿನಲ್ಲಿ ನೋಡಿಸಿದರು. "ಗುಳಿಗಿ ಅರ್ಧಕ್ಕ ಬಿಟ್ರ ಮೆತ್ತಗಿನ ರೋಗಾಣು ಸಾಯ್ತಾವ, ಗಟ್ಟಿವು ಉಳದು ಬೆಳೀತಾವ. ಆ ಹಳೇ ಗುಳಿಗಿಗೆ ಅವು ಇನ್ನ ಬಗ್ಗೂದಿಲ್ರಿ. ಸೋಂಕು ಮೂತ್ರಪಿಂಡಕ್ಕ ಏರೇತಿ, ಕೂಸಿಗೂ ಧೋಕಾ ಐತಿ," ಎಂದರು ಡಾಕ್ಟರಮ್ಮ. ನನಗೆ ಹೊಲ ಕಣ್ಮುಂದೆ ಬಂತು. ಸುಲಭಕ್ಕೆ ಬರುವ ಕಳೆಯನ್ನಷ್ಟೇ ಕಿತ್ತು ಆಳಕ್ಕೆ ಬೇರಿಳಿಸಿದ ಕರಿಕೆ ಹುಲ್ಲನ್ನು ಬಿಟ್ಟು ಬಂದರೆ, ಮುಂದಿನ ಸಲ ಹೊಲವೆಲ್ಲ ಕರಿಕೆಯದೇ. ಕಿಸೆಯನ್ನು ಅಂದೇ ಬರಿದು ಮಾಡಿದೆ.

ಹೊಟ್ಟೆಕಿಚ್ಚು ಮಾತ್ರ ಬರಿದಾಗಲಿಲ್ಲ. ಮಂಚದ ಪಕ್ಕ ಶಾಂತವ್ವ, ಬುತ್ತಿ ಹೊರಲು ನಾನು. ಮನೆಗೆ ಬಂದ ಮೇಲೆ ರೇಣುಕಾ "ಆರಾಮಾಗೇತಿ, ಸಾಕವ್ವಾ" ಎಂದರೆ, "ಸಾಕನ್ನಾಕ ನೀ ಡಾಕ್ಟರೇನ? ಬಾಯಿ ತಗಿ!" ಎಂದು ಕೊನೆಯ ಗುಳಿಗೆಯವರೆಗೂ ನುಂಗಿಸಿದವಳು ಅವಳೇ. ಆ ಮಾತು ನನ್ನ ಬಾಯಿಂದ ಬರಬೇಕಿತ್ತಲ್ಲ!

ಈಗ ಮೊಮ್ಮಗಳು ನನ್ನ ತೊಡೆಯ ಮೇಲಿದ್ದಾಳೆ. ಬಾಣಂತನ ಮುಗಿಸಿ ತೊಟ್ಟಿಲ ಸಮೇತ ಬಂದಿದ್ದಾಳೆ ರೇಣುಕಾ, ಬೆನ್ನಿಗೆ ಶಾಂತವ್ವ. ಕೂಸು ಆಕಳಿಸಿದರೂ ಓಣಿಗೆಲ್ಲ ಸಕ್ಕರೆ ಹಂಚಬೇಕೆನಿಸುವಷ್ಟು ಹಿಗ್ಗು ನನಗೆ. ಮೂಗೊಂದು ತಾಳಿಕೋಟೆಯದು, ಇರಲಿ, ಬೆಳೆದಂತೆ ಬದಲಾದೀತು.

ನಿನ್ನೆ ಹೀಗೇ ಕೂತಿದ್ದಾಗ ಪಕ್ಕದ ಮನೆಯ ಹಸೀನಾ ಸೆರಗು ಬಾಯಿಗಿಟ್ಟುಕೊಂಡು ಬಂದಳು. "ಆಯೀ, ಒಂದ ಗುಳಿಗಿ ಇದ್ರ ಕೊಡ್ರಿ." ಶಾಂತವ್ವ ಬಾಯಿ ತೆರೆಯುವುದರಲ್ಲಿದ್ದಳು. ನಾನೇ ಮುಂದಾದೆ. "ಗುಳಿಗಿ ಇಲ್ಲವಾ. ನಡಿ ದವಾಖಾನಿಗೆ, ನಾ ಬರ್ತೇನಿ."

"ಕೂಸು?" ಎಂದಳು ಶಾಂತವ್ವ, ಎರಡೂ ಕೈ ಚಾಚಿ.

ಕೊಡದೆ ಹೋಗುವ ಹಾಗಿರಲಿಲ್ಲ, ಕೊಟ್ಟೆ. ಹಸೀನಾಳ ಕೈ ಹಿಡಿದು ಹೊರಟಾಗ ಸೊಂಟದ ಸಂಚಿ ಹಗುರವಾಗಿತ್ತು. ಓಣಿ ತಿರುಗುವವರೆಗೂ ಕಿವಿಯನ್ನು ಮಾತ್ರ ಹಿಂದೆಯೇ ಬಿಟ್ಟಿದ್ದೆ: ನನ್ನ ತೊಡೆ ಬಿಟ್ಟದ್ದಕ್ಕೆ ಆ ಕೂಸು ಒಂಚೂರಾದರೂ ಅಳಬಾರದೇ!